ಲೇವಾದೇವಿದಾರರು ಲೆಕ್ಕ ಕೊಡದಿದ್ದರೆ

ಪ್ರಶ್ನೆ: ಮನೆಯನ್ನು ನೋಂದಾಯಿತ ಪತ್ರದ ಮೂಲಕ ಖಾಸಗಿ ಲೇವಾದೇವಿದಾರರೊಬ್ಬರಿಗೆ ಅಡಮಾನ ಮಾಡಿದ್ದೇನೆ. ಅವಧಿ ಮುಗಿದಿದೆ. ಕಡಿಮೆ ಬಡ್ಡಿಗೆ ಬ್ಯಾಂಕು ಈ ಸಾಲವನ್ನು ವಹಿಸಿಕೊಳ್ಳಲು ಸಿದ್ಧವಿದ್ದರೂ ಅವರು ಬಾಕಿಯ ಲೆಕ್ಕವನ್ನಾಗಲಿ ಮೂಲಪತ್ರಗಳನ್ನಾಗಲಿ ಕೊಡುತ್ತಿಲ್ಲ. ಏನು ಮಾಡಲಿ?
— ಓದುಗರೊಬ್ಬರು, ಹಾಸನ

ಉತ್ತರ: ಸಾಲ ತೀರಿಸಿ ಆಸ್ತಿಯನ್ನು ಬಿಡಿಸಿಕೊಳ್ಳುವುದು 1882ರ ಆಸ್ತಿ ವರ್ಗಾವಣೆ ಅಧಿನಿಯಮದ 60ನೇ ಕಲಂ ನಿಮಗೆ ಕೊಟ್ಟಿರುವ ಹಕ್ಕು, ಅದು ಸಾಲ ಕೊಟ್ಟವರ ಮರ್ಜಿಗೆ ಬಿಟ್ಟ ವಿಷಯವಲ್ಲ. ಮನೆ ಅವರ ಸ್ವಾಧೀನಕ್ಕೆ ಹೋಗಿರದಿದ್ದರೆ, ಹಣ ಸಲ್ಲಿಸಿದ ಮೇಲೆ ಅಡಮಾನವನ್ನು ಬ್ಯಾಂಕಿನ ಹೆಸರಿಗೇ ವರ್ಗಾಯಿಸುವಂತೆ 60ಎ ಕಲಂ ಪ್ರಕಾರ ಕೇಳಲೂಬಹುದು.

ಮೊದಲು ವಕೀಲರ ಮೂಲಕ, ಅಸಲು, ಬಡ್ಡಿ ಮತ್ತು ಈವರೆಗಿನ ಸಂದಾಯಗಳ ಲೆಕ್ಕ ಕೇಳಿ ನೋಟಿಸ್ ಕಳುಹಿಸಿ, ಅಂಚೆಯ ಸ್ವೀಕೃತಿಯನ್ನು ಜೋಪಾನವಾಗಿಡಿ. ಅದಕ್ಕೂ ಜಗ್ಗದಿದ್ದರೆ 83ನೇ ಕಲಂ ಅನ್ವಯ ಪೂರ್ತಿ ಬಾಕಿಯನ್ನು ಸಿವಿಲ್ ನ್ಯಾಯಾಲಯದಲ್ಲಿ ಠೇವಣಿ ಇಡಬಹುದು. ನ್ಯಾಯಾಲಯದ ನೋಟಿಸ್ ಅವರಿಗೆ ಜಾರಿಯಾದ ಬಳಿಕ, 84ನೇ ಕಲಂ ಪ್ರಕಾರ, ಬಡ್ಡಿ ಬೆಳೆಯುವುದು ನಿಲ್ಲುತ್ತದೆ.

ಅವರು ರಾಜಿಗೆ ಬಂದರೂ, ದಯವಿಟ್ಟು, ಬಾಯಿಮಾತು ನಂಬಿ ನಗದು ಕೊಡಬೇಡಿ. ಬ್ಯಾಂಕು ಅವರ ಹೆಸರಿಗೆ ಡಿ.ಡಿ. ತೆಗೆಸಲಿ; ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಬಿಡುಗಡೆ ಪತ್ರಕ್ಕೆ ಸಹಿ ಬಿದ್ದು, ಮೂಲಪತ್ರಗಳು ಕೈಸೇರಿದಾಗಲೇ ಅದನ್ನು ಒಪ್ಪಿಸಿ. ನಂತರ ಹೊಸ ಋಣಭಾರ ಪ್ರಮಾಣಪತ್ರ ಪಡೆದು, ಬಿಡುಗಡೆ ನಮೂದಾಗಿದೆಯೇ ಎಂದು ಪರಿಶೀಲಿಸಿಕೊಳ್ಳಿ.