ಓಟಕ್ಕೆ ಯಾರು, ಪೀಠಿಕೆ ಓದೋಕೆ ಯಾರು?

ಪ್ರಶ್ನೆ: ಅಕ್ಕೋರೆ, ನಮಸ್ಕಾರ. ಕಲಘಟಗಿ ತಾಲ್ಲೂಕಿನ ಸರ್ಕಾರಿ ಶಾಲೆಯಲ್ಲಿ ಐದನೇ ತರಗತಿ ಮಾಸ್ತರ ನಾನು. ಹೋದ ತಿಂಗಳು ಧಾರವಾಡದಲ್ಲಿ ಎರಡು ದಿನ ತರಬೇತಿ ಇತ್ತು. ಜಾತಿ, ಬಣ್ಣ, ಭಾಷೆ ನೋಡಿ ಮಕ್ಕಳಲ್ಲಿ ಭೇದ ಮಾಡಬಾರದು ಎಂದರು. ನಾನು ಭೇದ ಮಾಡುವವನೇ ಅಲ್ಲ. ಆಫ್ರಿಕಾ ಮೂಲದ ನಮ್ಮ ಸಿದ್ದಿ ಮಕ್ಕಳೆಂದರೆ ನನಗೆ ಹೆಮ್ಮೆ. ಓಟದಲ್ಲಿ ಅವರನ್ನು ಮೀರಿಸುವವರಿಲ್ಲ. ನನ್ನಂಥವರಿಗೆ ಈ ತರಬೇತಿ ಯಾಕೆ?
(ಹೆಸರು ಬೇಡ)

ಉತ್ತರ: ತಮ್ಮಾ, ಎರಡು ದಿನ ಪರದೆ ನೋಡುತ್ತಾ ಕೂತ ಬೇಸರ ನನಗೂ ಗೊತ್ತು. ಮೂವತ್ತೊಂದು ವರ್ಷದ ನೌಕರಿಯಲ್ಲಿ ಅಂಥ ತರಬೇತಿ ಎಷ್ಟೋ. ಕೆಲವುಗಳಲ್ಲಿ ನೆನಪುಳಿದದ್ದು ಮಧ್ಯಾಹ್ನದ ಜಿಲೇಬಿ ಮಾತ್ರ. ಆದರೆ ನಿಮ್ಮ ಪತ್ರದಲ್ಲಿ ಓಟದ ಮಾತು ಬಂತಲ್ಲ, ಅದನ್ನು ಎರಡು ಸಲ ಓದಿದೆ.

ಸಿದ್ದಿ ಹುಡುಗನೊಬ್ಬ ಶಾಲೆಗೆ ಸೇರಿದ ವಾರವೇ ನಾನು ಅವನ ಹೆಸರನ್ನು ಕ್ರೀಡಾಕೂಟದ ಪಟ್ಟಿಗೆ ಬರೆದಿದ್ದೆ. ಅವನನ್ನು ಕೇಳಲಿಲ್ಲ. ಎರಡು ವರ್ಷ ಓಡಿದ, ಎರಡೂ ಸಲ ಕೊನೆಯವನಾಗಿ ಬಂದ. ಒಂದು ದಿನ ಹಲಗೆ ಮೇಲಿನ ನನ್ನ ಭಿನ್ನರಾಶಿ ಲೆಕ್ಕದಲ್ಲಿ ತಪ್ಪು ತೋರಿಸಿದ. ಕೊಂಕಣಿ ಬೆರೆಸಿ ಹೇಳಿದ್ದಕ್ಕೆ ಮಕ್ಕಳು ನಕ್ಕರು. ನಾನೂ ನಕ್ಕೆ. ಲೆಕ್ಕ ಮಾತ್ರ ಅವನದೇ ಸರಿ ಇತ್ತು.

ಹಿಂದೆ ಸರ್ಕಾರಕ್ಕೂ ಇದೇ ಓಟದ ಯೋಚನೆ ಹೊಳೆದಿತ್ತು: 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿ ಕೊಡತೊಡಗಿತು, ಕೆಲವೇ ವರ್ಷಕ್ಕೆ ಕೈಬಿಟ್ಟಿತು. ಪರಿಶಿಷ್ಟ ಪಂಗಡದ ಪಟ್ಟಿಗಾದರೋ ಉತ್ತರ ಕನ್ನಡದ ಸಿದ್ದಿಯರು 2003ರಲ್ಲಿ ಸೇರಿದರು, ನಮ್ಮ ಧಾರವಾಡ ಜಿಲ್ಲೆಯವರು 2020ರಲ್ಲಿ. ಅದೇ ಮಂದಿ, ಅದೇ ಕಾಡು, ನಡುವೆ ಜಿಲ್ಲೆಯ ಗಡಿ. ಸರ್ಕಾರ ಅವರ ಕಾಲು ನೋಡಿದಷ್ಟು ಬೇಗ ಕಾಗದ ನೋಡಲಿಲ್ಲ.

ಒಂದು ವಾರ ಹೀಗೆ ಮಾಡಿ ನೋಡ್ರಿ. ಬೆಳಿಗ್ಗೆ ಸಂವಿಧಾನದ ಪೀಠಿಕೆ ಓದಿದವರು ಯಾರು, ಕೊಡ ಹೊತ್ತವರು ಯಾರು, ಅಂಗಳ ಗುಡಿಸಿದವರು ಯಾರು, ಬರಕೊಳ್ಳಿ. ಯಾರನ್ನಾದರೂ 'ಕರಿಯಾ' ಎಂದು ಕೂಗಿದರೆ ಪ್ರೀತಿಯಿಂದ ಅಂದದ್ದು ಎಂದು ಬಿಡಬೇಡಿ; ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ಹೊಡೆತದ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಭಿನ್ನರಾಶಿ ಕಲಿಸುವಾಗ ಕೌದಿ ತರಿಸಿ, ಸಿದ್ದಿ ಮನೆಯದೂ ಲಿಂಗಾಯತರ ಮನೆಯದೂ, ತುಂಡು ಎಣಿಸಲಿ. ಆದರೆ ಸಿದ್ದಿ ಹುಡುಗಿಯನ್ನು ಎಬ್ಬಿಸಿ 'ನಿಮ್ಮ ಡಮಾಮಿ ಕುಣಿದು ತೋರಿಸು' ಅನ್ನಬೇಡಿ. ಅದೂ ಓಟದ ಪಟ್ಟಿಯೇ.

ಬರೆದದ್ದನ್ನು ನನಗೆ ಕಳಿಸಿ. ಹೆಸರು ಹಾಕದಿದ್ದರೂ ನಡೀತದ.