ಟಿಬೆಟ್, ಹಿಮಾಚಲದ ಸ್ಪಿತಿಯಂಥ ಎತ್ತರದಲ್ಲಿ ಬರೀ ಮಣ್ಣು ಪರೀಕ್ಷಿಸಿ ಎಣ್ಣೆ ಇದೆಯಾ ಅಂತ ಹೇಳಬಹುದಾ?

ನೀವು ಕೇಳಿದ್ದು, ಬಾವಿ ಕೊರೆಯದೆ ಮೇಲಿನ ಮಣ್ಣು ನೋಡಿಯೇ ಇಂಥ ಜಾಗದಲ್ಲಿ ಎಣ್ಣೆ, ಗ್ಯಾಸ್ ಪತ್ತೆ ಮಾಡೋಕೆ ಆಗುತ್ತಾ ಅಂತ. ಅರ್ಧ ಆಗುತ್ತದೆ. ಕೆಳಗೆ ಎಣ್ಣೆ ಅಥವಾ ಗ್ಯಾಸ್ ಹುಟ್ಟಿದೆಯೇ ಎಂಬುದರ ಸುಳಿವು ಮಣ್ಣಿನಲ್ಲಿ ಸಿಗುತ್ತದೆ. ಎಷ್ಟಿದೆ, ಎಷ್ಟು ಆಳದಲ್ಲಿದೆ ಎಂಬುದು ಸಿಗುವುದಿಲ್ಲ. ನಾನು ಇಂಥ ಮಾದರಿಗಳನ್ನು ಲ್ಯಾಬ್‌ನಲ್ಲಿ ಪರೀಕ್ಷಿಸುವ ಕೆಲಸದಲ್ಲಿದ್ದವನು, ಹಾಗಾಗಿ ಆ ಕಡೆಯಿಂದಲೇ ಹೇಳುತ್ತೇನೆ.

ನೆಲದೊಳಗಿನ ಯಾವ ತೈಲ ನಿಕ್ಷೇಪವೂ ಪೂರ್ತಿ ಬಿಗಿಯಾಗಿರುವುದಿಲ್ಲ. ಹಗುರ ಅನಿಲಗಳು ಕಲ್ಲಿನ ಸಣ್ಣ ಬಿರುಕುಗಳಲ್ಲಿ ನುಸುಳಿ ಮೇಲೆ ಬರುತ್ತವೆ. ಹಿಮಾಚಲದ ಕಾಂಗ್ರಾದ ಜ್ವಾಲಾಮುಖಿ ದೇವಸ್ಥಾನದಲ್ಲಿ ಉರಿಯುವುದು ಹಾಗೆ ಬಂದ ಗ್ಯಾಸೇ. ಒಎನ್‌ಜಿಸಿ 1950ರ ದಶಕದಲ್ಲೇ ಅಲ್ಲಿ ಬಾವಿ ಕೊರೆದಿತ್ತು. ಬೇರೆ ಕಡೆ ಸೋರಿಕೆ ಕಣ್ಣಿಗೆ ಕಾಣುವುದಿಲ್ಲ, ಶತಕೋಟಿಯಲ್ಲಿ ಕೆಲವು ಪಾಲು ಇರುತ್ತದೆ ಅಷ್ಟೇ. ಅದಕ್ಕಾಗಿ ಕಬ್ಬಿಣದ ಪೈಪನ್ನು ಒಂದೆರಡು ಮೀಟರ್ ಆಳಕ್ಕೆ ಬಡಿದಿಳಿಸಿ ಮಣ್ಣು ತೆಗೆಯುತ್ತಾರೆ. ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ ಲ್ಯಾಬ್‌ಗೆ ತರುತ್ತಾರೆ. ನಾವು ಜರಡಿ ಹಿಡಿದು, ನಿರ್ವಾತದಲ್ಲಿ ಫಾಸ್ಫಾರಿಕ್ ಆಸಿಡ್ ಹಾಕಿ, ಮಣ್ಣಿನ ಕಣಕ್ಕೆ ಅಂಟಿದ ಗ್ಯಾಸ್ ಬಿಡಿಸಿ ಗ್ಯಾಸ್ ಕ್ರೊಮ್ಯಾಟೋಗ್ರಾಫ್‌ಗೆ (ಯಾವ ಗ್ಯಾಸ್ ಎಷ್ಟಿದೆ ಅಂತ ಬೇರ್ಪಡಿಸಿ ಅಳೆಯುವ ಯಂತ್ರ) ಕೊಡುತ್ತೇವೆ. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ (ಎನ್‌ಜಿಆರ್‌ಐ) ಈ ಕೆಲಸ ಬಹಳ ವರ್ಷಗಳಿಂದ ಮಾಡುತ್ತಿದೆ.

ಮೀಥೇನ್ ಸಿಕ್ಕಿತು ಅಂತ ಕುಣಿಯುವ ಹಾಗಿಲ್ಲ. ಜೌಗು ನೆಲದ ಬ್ಯಾಕ್ಟೀರಿಯಾಗಳೂ ಅದನ್ನು ತಯಾರಿಸುತ್ತವೆ, ಟಿಬೆಟ್ ಪ್ರಸ್ಥಭೂಮಿಯಲ್ಲಿ ಜೌಗಿಗೆ ಕೊರತೆಯಿಲ್ಲ. ಅದಕ್ಕೇ ಬ್ಯಾಕ್ಟೀರಿಯಾ ಅಷ್ಟಾಗಿ ತಯಾರಿಸದ ಈಥೇನ್, ಪ್ರೊಪೇನ್, ಬ್ಯುಟೇನ್ ನೋಡಬೇಕು. ಅವುಗಳಿಗೆ ಹೋಲಿಸಿದರೆ ಮೀಥೇನ್ ಸಾವಿರಪಟ್ಟು ಜಾಸ್ತಿ ಇದ್ದರೆ ಅದು ಹೆಚ್ಚಾಗಿ ಬ್ಯಾಕ್ಟೀರಿಯಾ ಕೆಲಸ. ಮೀಥೇನಿನ ಕಾರ್ಬನ್ ಐಸೋಟೋಪ್ ಮೌಲ್ಯ (ಭಾರ ಮತ್ತು ಹಗುರ ಕಾರ್ಬನ್ನಿನ ಅನುಪಾತ ಒಂದು ಮಾನದಂಡಕ್ಕಿಂತ ಸಾವಿರಕ್ಕೆ ಎಷ್ಟು ಬೇರೆ ಎಂಬ ಅಂಕಿ) ಮೈನಸ್ 60ಕ್ಕಿಂತ ಕೆಳಗಿದ್ದರೂ ಸಾಮಾನ್ಯವಾಗಿ ಹಾಗೆಯೇ. ನೆಲದಾಳದ ಶಾಖದಲ್ಲಿ ಬೆಂದು ಹುಟ್ಟಿದ ಗ್ಯಾಸಿನದು ಹೆಚ್ಚಾಗಿ ಮೈನಸ್ 50ಕ್ಕಿಂತ ಮೇಲಿರುತ್ತದೆ.

ಎತ್ತರದಲ್ಲಿ ತಲೆನೋವು ಬೇರೆಯೇ. ಮೊದಲನೆಯದಾಗಿ, ನಿಮ್ಮ ಕಾಲಡಿಯ ಮಣ್ಣು ಅಲ್ಲಿಯದೇ ಆಗಿರಬೇಕೆಂದಿಲ್ಲ, ಹಿಮನದಿ ಎಲ್ಲಿಂದಲೋ ಎಳೆದು ತಂದದ್ದಿರಬಹುದು. ಸುಣ್ಣದ ಅಂಶ ಜಾಸ್ತಿ ಇರುವ ಮಣ್ಣು ಆಸಿಡ್‌ಗೆ ಜಾಸ್ತಿ ಗ್ಯಾಸ್ ಬಿಡುತ್ತದೆ, ಕೆಳಗೆ ಏನೂ ಇಲ್ಲದಿದ್ದರೂ. 5,000 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ. ಅಲ್ಲಿ ಮುಚ್ಚಿದ ಡಬ್ಬಿಯ ಮುಚ್ಚಳ ಸ್ವಲ್ಪ ಸಡಿಲವಾಗಿದ್ದರೂ, ಕೆಳಗಿಳಿಸಿದಾಗ ಹೊರಗಿನ ಗಾಳಿ ಒಳನುಗ್ಗುತ್ತದೆ. ಕ್ಯಾಂಪಿನ ಜನರೇಟರ್ ಹೊಗೆ ಇನ್ನೊಂದು ಕಾಟ. ಫಲಿತಾಂಶದಲ್ಲಿ ಇಂಥ ಹೊಗೆಯಲ್ಲಿರುವ ಎಥಿಲೀನ್, ಪ್ರೊಪಿಲೀನ್ ಎದ್ದು ಕಂಡರೆ ನಾನಂತೂ ಆ ಮಾದರಿಯನ್ನು ನಂಬುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ತೊಡಕು ವರ್ಷವಿಡೀ ಹೆಪ್ಪುಗಟ್ಟಿರುವ ನೆಲ. ಮೇಲೇಳುವ ಗ್ಯಾಸನ್ನು ಅದು ತಡೆಯುತ್ತದೆ. ಗ್ಯಾಸ್ ಪಕ್ಕಕ್ಕೆ ಸರಿದು, ಸರೋವರದ ಕೆಳಗೆ ಕರಗಿದ ಜಾಗದಲ್ಲೋ ಫಾಲ್ಟ್ (ಬಂಡೆ ಸೀಳಿ ಸರಿದ ಜಾಗ) ಗೆರೆಯ ಮೇಲೋ ಹೊರಬರುತ್ತದೆ. ಅಂದರೆ ನಕ್ಷೆಯಲ್ಲಿ ಗ್ಯಾಸ್ ಜಾಸ್ತಿ ಅಂತ ಕೆಂಪು ಚುಕ್ಕೆ ಬಿದ್ದಲ್ಲಿ ನಿಕ್ಷೇಪ ಇಲ್ಲದೇ ಇರಬಹುದು. ಚಳಿಯಲ್ಲಿ ಗ್ಯಾಸ್ ನೀರಿನ ಜೊತೆ ಸೇರಿ ಮಂಜುಗಡ್ಡೆಯಂತೆ ಗಟ್ಟಿಯಾಗುವುದೂ ಉಂಟು. ಚೀನಾದ ಛೀಲ್ಯೆನ್ (Qilian) ಪರ್ವತಗಳ ಮುಲಿ ಎಂಬಲ್ಲಿ 2008ರಲ್ಲಿ ಕೊರೆದಾಗ ಇಂಥ ಹೈಡ್ರೇಟ್ ಸಿಕ್ಕಿತ್ತು, ಅದೂ ಕೆಲವೇ ನೂರು ಮೀಟರ್ ಆಳದೊಳಗೆ.

ಉತ್ತರ ಟಿಬೆಟ್‌ನ ಚಿಯಾಂಗ್‌ಟಾಂಗ್ (Qiangtang) ತಗ್ಗುಪ್ರದೇಶದ ಬಂಡೆಗಳಲ್ಲಿ ಹಳೆಯ ಎಣ್ಣೆಯ ಗುರುತುಗಳಿವೆ, ಆದರೂ ಅಲ್ಲಿ ದೊಡ್ಡ ಮಟ್ಟದ ಉತ್ಪಾದನೆ ಶುರುವಾಗಿಲ್ಲ. ನೆಲ ಮೇಲೆದ್ದಾಗ ಒಡೆದುಹೋದ ನಿಕ್ಷೇಪವೂ ಮಣ್ಣಿನಲ್ಲಿ ಚೆಂದದ ಸಿಗ್ನಲ್ ಕೊಡುತ್ತದೆ. ಇದು ನನಗೆ ಈ ವಿಧಾನದ ದೊಡ್ಡ ದೌರ್ಬಲ್ಯ ಅನ್ನಿಸುತ್ತದೆ. ಸ್ಪಿತಿಯಲ್ಲಿ ಕಪ್ಪು ಜೇಡಿಗಲ್ಲಿದೆ, ನಮ್ಮ ಸಾಲಿಗ್ರಾಮದಂಥ ಪಳೆಯುಳಿಕೆಗಳು ಸಿಗುವ ಕಲ್ಲು. ಅದು ಜಾಸ್ತಿ ಬೆಂದಿದ್ದರೆ ಎಣ್ಣೆ ಉಳಿದಿರುವುದಿಲ್ಲ, ಒಣ ಗ್ಯಾಸ್ (ಬಹುತೇಕ ಬರೀ ಮೀಥೇನ್) ಮಾತ್ರ. ಎತ್ತರವೇ ಶತ್ರು ಅಂತಲೂ ಅಲ್ಲ. ಸುಮಾರು 3,000 ಮೀಟರ್ ಎತ್ತರದ, ಚೀನಾದ ಕೈದಾಮ್ (Qaidam) ತಗ್ಗುಪ್ರದೇಶದಲ್ಲಿ 1950ರ ದಶಕದಿಂದ ಎಣ್ಣೆ ತೆಗೆಯುತ್ತಿದ್ದಾರೆ.

ಹಾಗಾದರೆ ಯಾಕೆ ಮಾಡಬೇಕು? ರಸ್ತೆಯೇ ಇಲ್ಲದಲ್ಲಿ ಸೀಸ್ಮಿಕ್ ಸರ್ವೆ (ನೆಲಕ್ಕೆ ಕಂಪನ ಕೊಟ್ಟು ಒಳಗಿನ ಪದರ ಅರಿಯುವುದು) ಭಾರೀ ದುಬಾರಿ. ಮಣ್ಣಿನ ಮಾದರಿಯನ್ನು ನಾಲ್ಕು ಜನ ಹೊತ್ತು ತರಬಹುದು. ಸೀಸ್ಮಿಕ್ ಎಲ್ಲಿ ಮಾಡುವುದು ಬೇಡ ಅಂತ ತೀರ್ಮಾನಿಸೋಕೆ ಇದು ನೆರವಾಗುತ್ತದೆ. ಯಾರಾದರೂ ಬಣ್ಣಬಣ್ಣದ ನಕ್ಷೆ ಮಾತ್ರ ತೋರಿಸಿ ಇಲ್ಲೇ ಕೊರೆಯಿರಿ ಅಂದರೆ ಐಸೋಟೋಪ್ ಅಂಕಿಗಳನ್ನೂ ಫಾಲ್ಟ್ ನಕ್ಷೆಯನ್ನೂ ಕೇಳಿ. ಎಣ್ಣೆ ಇರುವ ಸಾಧ್ಯತೆಯೇ ಇಲ್ಲದ ಪಕ್ಕದ ಜಾಗದಿಂದ ಹೋಲಿಕೆಗೆ ಎಷ್ಟು ಮಾದರಿ ತಂದಿದ್ದಾರೆ ಅಂತಲೂ ಕೇಳಿ.