ಹಗುರವಾದ ರೈಫಲ್ಲೇ ಒಳ್ಳೆಯದೇ?

ಓದುಗರ ಪತ್ರ: ಅರೆ-ಸ್ವಯಂಚಾಲಿತ ರೈಫಲ್‌ಗಳ, ಎಂದರೆ ಪ್ರತಿ ಗುಂಡಿನ ಬಳಿಕ ಮುಂದಿನ ತೋಟಾವನ್ನು ತಾವೇ ತುಂಬಿಕೊಳ್ಳುವ ರೈಫಲ್‌ಗಳ, ತೂಕವನ್ನು ಪಟ್ಟಿ ಮಾಡಿದೆ. ಎಂ1 ಗ್ಯಾರಂಡ್ ಮತ್ತು ಎಫ್‌ಎನ್ ಎಫ್‌ಎಎಲ್ ಎರಡೂ ನಾಲ್ಕು ಕಿಲೋ ದಾಟುತ್ತವೆ. ಎಆರ್-15 ಮೂರು ಕಿಲೋ ಆಸುಪಾಸಿನಲ್ಲಿದೆ. ಹಗುರವಾದದ್ದೇ ಉತ್ತಮ ವಿನ್ಯಾಸ ಎನ್ನಬಹುದಲ್ಲವೇ?

ಸಂಪಾದಕರ ಉತ್ತರ: ಪಟ್ಟಿ ಅಚ್ಚುಕಟ್ಟಾಗಿದೆ, ತೀರ್ಮಾನ ಮಾತ್ರ ಅವಸರದ್ದು. ದಿನವಿಡೀ ಹೆಗಲಿಗೆ ಹಾಕಿಕೊಂಡು ನಡೆಯುವವನಿಗೆ ಪ್ರತಿ ಗ್ರಾಮೂ ಲೆಕ್ಕವೇ, ಒಪ್ಪುತ್ತೇನೆ. ಆದರೆ ಗುರಿ ಹಿಡಿದು ನಿಂತ ಕ್ಷಣದಲ್ಲಿ ಅದೇ ತೂಕ ನಿಮ್ಮ ಪಕ್ಷಕ್ಕೆ ಬರುತ್ತದೆ. ಒಂದೇ ತೋಟಾವನ್ನು ನಾಲ್ಕು ಕಿಲೋ ರೈಫಲ್‌ನ ಬದಲು ಮೂರು ಕಿಲೋದ್ದರಲ್ಲಿ ಹಾರಿಸಿದರೆ ಹಿಂದೊದೆತದ ಶಕ್ತಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಏರುತ್ತದೆ.

ನಿವೃತ್ತ ಸೈನಿಕರೊಬ್ಬರು ಒಮ್ಮೆ ನನ್ನ ಕೈಗೆ ಖಾಲಿ ರೈಫಲ್ ಕೊಟ್ಟು, ನಳಿಗೆಯ ತುದಿಯಲ್ಲಿ ನಾಣ್ಯವಿಟ್ಟು, "ಇದು ಬೀಳದಂತೆ ಕುದುರೆ ಎಳೆಯಿರಿ" ಎಂದರು. ಭಾರದ ರೈಫಲ್‌ನಲ್ಲಿ ನಾಲ್ಕನೆಯ ಸಲಕ್ಕೆ ನಾಣ್ಯ ನಿಂತಿತು. ಹಗುರದ್ದರಲ್ಲಿ ಉಸಿರು ಬಿಟ್ಟರೂ ಸಾಕು, ಠಣ್ಣೆಂದು ನೆಲಕ್ಕೆ!

ಎಆರ್-15 ನಿಖರವಲ್ಲವೇ ಎಂದು ನೀವು ಕೇಳಬಹುದು. ನಿಖರವೇ. ಆದರೆ ಕಾರಣ ಹಗುರತನವಲ್ಲ. ಅದರ ಬೋಲ್ಟ್, ಎಂದರೆ ತೋಟಾವನ್ನು ಒಳಗೆ ತಳ್ಳಿ ಹಿಂಬದಿಯನ್ನು ಮುಚ್ಚುವ ಭಾಗ, ನಳಿಗೆಯ ಹಿಂತುದಿಗೇ ನೇರವಾಗಿ ಬೀಗ ಹಾಕಿಕೊಳ್ಳುತ್ತದೆ. ನಳಿಗೆಗೆ ಅಂಟಿಕೊಂಡು ಭಾರದ ಪಿಸ್ಟನ್ ಓಡಾಡುವುದಿಲ್ಲ, ಸಿಡಿತದ ಅನಿಲವನ್ನು ಹಿಂದಕ್ಕೆ ಒಯ್ಯುವ ತೆಳ್ಳನೆಯ ಕೊಳವೆಯಷ್ಟೇ ಇದೆ. 1936ರಲ್ಲಿ ಅಮೆರಿಕದ ಸೈನ್ಯ ಒಪ್ಪಿಕೊಂಡ ಗ್ಯಾರಂಡ್‌ನ ಕಥೆ ಬೇರೆ: ತೇವಕ್ಕೆ ಮರದ ಹಿಡಿ ಉಬ್ಬಿದರೆ ನಳಿಗೆಯ ಮೇಲಿನ ಒತ್ತಡ ಬದಲಾಗಿ ಗುಂಡು ಬೀಳುವ ಜಾಗವೇ ಸರಿಯುತ್ತದೆ. ಸ್ಪರ್ಧಾಳುಗಳು ಮರದೊಳಗೆ ರಾಳ ತುಂಬಿ ಭದ್ರಪಡಿಸುತ್ತಿದ್ದುದು ಅದಕ್ಕೇ. ಎಫ್‌ಎಎಲ್‌ನ ಒಡಲು ಕೀಲಿನಿಂದ ಜೋಡಿಸಿದ ಮೇಲಿನ, ಕೆಳಗಿನ ಎರಡು ತುಂಡುಗಳದ್ದು; ಹಿಂದಿನ ಗುರಿಕಿಂಡಿ ಕೆಳತುಂಡಿನ ಮೇಲಿದೆ, ಮುಂದಿನ ಮೊನೆ ನಳಿಗೆಯ ಕಡೆಗಿದೆ. ನಡುವಿನ ಕೀಲು ಸಡಿಲವಾದರೆ ಗುರಿಯೂ ಸಡಿಲ. ಇದು ಯಾವ ತೂಕದ ಪಟ್ಟಿಯಲ್ಲಿ ಕಾಣುತ್ತದೆ ಹೇಳಿ? ಇನ್ನೊಂದು ಮಾತು: ಗುರಿ ಸ್ಪರ್ಧೆಗೆ ಇಳಿಯುವವರು ಅದೇ ಎಆರ್-15ಕ್ಕೆ ದಪ್ಪ ನಳಿಗೆ ಹಾಕಿಸುತ್ತಾರೆ, ಹಿಡಿಯೊಳಗೆ ಸೀಸವನ್ನೂ ತುಂಬುತ್ತಾರೆ. ನೀವು ಮೆಚ್ಚಿದ ಹಗುರತನವನ್ನು ಅವರು ದುಡ್ಡು ಕೊಟ್ಟು ಕಳೆದುಕೊಳ್ಳುತ್ತಿದ್ದಾರೆ.

ನನ್ನ ಕೋಪ ನಿಮ್ಮ ಮೇಲಲ್ಲ, ಇಂದಿನ ವಿಮರ್ಶಕರ ಮೇಲೆ. ಕಾರ್ಖಾನೆಯ ಕಾಗದದಿಂದ ಅಂಕಿ ಎತ್ತಿಕೊಳ್ಳುತ್ತಾರೆ, ಮೂರೇ ಗುಂಡು ಹಾರಿಸಿ ಒಂದಕ್ಕೊಂದು ಅಂಟಿದ ತೂತುಗಳ ಚಿತ್ರ ಅಚ್ಚು ಹಾಕುತ್ತಾರೆ. ಮೂರು ಗುಂಡು ಅದೃಷ್ಟಕ್ಕೂ ಒಂದೆಡೆ ಬೀಳುತ್ತವೆ. ಹತ್ತು ಹಾರಿಸಿ, ನಳಿಗೆ ಬಿಸಿಯಾಗಲಿ, ಆಮೇಲೆ ಅಳೆಯಲಿ. ನೀವೂ ಪಟ್ಟಿಗೆ ಎರಡು ಕಲಂ ಸೇರಿಸಿ: ತುಂಬಿದ ಮ್ಯಾಗಝೀನ್ ಮತ್ತು ದುರ್ಬೀನು ಸೇರಿದ ತೂಕ ಒಂದು, ಹತ್ತು ಗುಂಡು ಕೊರೆದ ತೂತುಗಳ ಗುಂಪಿನ ಅಗಲ ಇನ್ನೊಂದು. ಆ ಪಟ್ಟಿಯನ್ನು ಕಳುಹಿಸಿ, ಪೂರ್ತಿಯಾಗಿ ಪ್ರಕಟಿಸುತ್ತೇನೆ.